ಪ್ರಯಾಣದಲ್ಲಿ ಜೇಬುಗಳ್ಳರಿಂದ ದುಡ್ಡು, ದಾಖಲೆ ಉಳಿಸಿಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರ ಕಡೆಯಿಂದ ವರ್ಷಕ್ಕೊಂದು ಸಲ ಮೂವತ್ತು ಮೂವತ್ತೈದು ಜನರನ್ನು ಯಾತ್ರೆಗೆ ಕರೆದುಕೊಂಡು ಹೋಗುವ ಉಸಾಬರಿ ಹೇಗೋ ನನ್ನ ತಲೆಗೆ ಬಂದಿದೆ. ತಿರುಪತಿ, ಪಂಢರಪುರ, ಒಂದು ಸಲ ಕಾಶಿ. ಹೊರಡುವ ವಾರ ಬಂತೆಂದರೆ ಫೋನ್ ಮೇಲೆ ಫೋನ್. "ದುಡ್ಡು ಎಲ್ಲಿಟ್ಕೊಳ್ಳೋದು?", "ಆಧಾರ್ ಒರಿಜಿನಲ್ಲೇ ತರಬೇಕಾ?", "ಸರ ಹಾಕ್ಕೊಂಡು ಬರಬಹುದಾ?" ಅದೇ ಪ್ರಶ್ನೆ, ಅದೇ ಉತ್ತರ. ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ನನ್ನದೇ ಪರ್ಸ್ ಒಂದು ಸಲ ಹೋಗಿದೆ, ಆ ಕಥೆಯೂ ಮಧ್ಯೆ ಬರುತ್ತದೆ.

ಜೇಬುಗಳ್ಳರು ಕೈ ಹಾಕುವುದು ಎಲ್ಲಿ? ಬಸ್ಸಿನೊಳಗೋ, ಸ್ಟ್ಯಾಂಡಿನಲ್ಲೋ?

ಎರಡರ ನಡುವೆ, ಬಾಗಿಲಲ್ಲಿ. ಹಬ್ಬದ ಹಿಂದಿನ ಸಂಜೆ ಮೆಜೆಸ್ಟಿಕ್ಕಿನಲ್ಲಿ ನಿಂತು ನೋಡಿ. ಬಸ್ಸು ಪ್ಲಾಟ್‌ಫಾರ್ಮಿಗೆ ಬರುವ ಮೊದಲೇ ಜನ ಅದರ ಜೊತೆ ಓಡುತ್ತಾರೆ. ಒಬ್ಬರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಇನ್ನೊಬ್ಬರು ಟವೆಲ್ ಇಲ್ಲದೆ ಬ್ಯಾಗನ್ನೇ ಎಸೆಯುತ್ತಾರೆ (ದಯವಿಟ್ಟು ಬೇಡ, ನೀವು ಹತ್ತುವಷ್ಟರಲ್ಲಿ ಆ ಬ್ಯಾಗು ಆಚೆ ಬದಿಯ ಕಿಟಕಿಯಿಂದ ಇಳಿದಿರಬಹುದು). ಬಾಗಿಲಲ್ಲಿ ನಿಮ್ಮ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಮಗುವಿನ ಮೇಲೋ ಲಗೇಜಿನ ಮೇಲೋ. ಮುಂದಿದ್ದವನು ಮೆಟ್ಟಿಲ ಮೇಲೆ ಸುಮ್ಮನೆ ನಿಂತುಬಿಡುತ್ತಾನೆ. ಹಿಂದಿದ್ದವನು "ಹೋಗ್ರೀ, ಹೋಗ್ರೀ" ಎಂದು ನೂಕುತ್ತಾನೆ. ಇವರಿಬ್ಬರೂ ಒಂದೇ ಗುಂಪು. ನಿಮ್ಮ ಮೈಗೆ ಹತ್ತು ಜನರ ಮೈ ತಾಗುತ್ತಿರುವಾಗ ಎರಡು ಬೆರಳು ತಾಗಿದ್ದು ತಿಳಿಯುವುದಿಲ್ಲ. ಪರ್ಸ್ ಕೂಡಲೇ ಮೂರನೆಯವನ ಕೈ ಸೇರುತ್ತದೆ, ಅವನು ಬಸ್ ಹತ್ತುವುದೇ ಇಲ್ಲ. ಅದಕ್ಕೇ ಅನುಮಾನ ಬಂದು ನೀವು ಹಿಡಿದವನ ಹತ್ತಿರ ಏನೂ ಸಿಗುವುದಿಲ್ಲ.

ಮೆಟ್ರೊ ಬಾಗಿಲು, ದೇವಸ್ಥಾನದ ಸರತಿ ಸಾಲು ಕಂಬಿ ಸುತ್ತಿ ತಿರುಗುವ ಜಾಗ, ತೇರು ಎಳೆಯುವಾಗ ಜನ ಒಮ್ಮೆಲೇ ಹಿಂದೆ ಸರಿಯುವ ಕ್ಷಣ, ಇವೆಲ್ಲ ಅದೇ ಲೆಕ್ಕ. ಕಡಲೆಕಾಯಿ ಪರಿಷೆಯಲ್ಲಿ, ದಸರಾ ಜಂಬೂಸವಾರಿಯಲ್ಲಿ ಎಲ್ಲರ ಕಣ್ಣೂ ಒಂದೇ ದಿಕ್ಕಿಗೆ ಇರುವ ಹೊತ್ತು ಅವರಿಗೆ ಸುಗ್ಗಿ.

ನನ್ನ ಗುಂಪಿಗೆ ನಾನು ಹೇಳುವುದು ಇಷ್ಟೇ: ನುಗ್ಗಿ ಹತ್ತಬೇಕಾದ ಬಸ್ಸನ್ನು ಬಿಟ್ಟುಬಿಡಿ. ಬಿಡಲಾಗದಿದ್ದರೆ ಹತ್ತುವ ಮುಂಚೆ ಬ್ಯಾಗನ್ನು ಹೊಟ್ಟೆಯ ಮುಂದಕ್ಕೆ ತನ್ನಿ.

"ಜೇಬುಗಳ್ಳರಿದ್ದಾರೆ, ಎಚ್ಚರಿಕೆ" ಎಂಬ ಬೋರ್ಡು ಕಂಡಾಗ ಏನು ಮಾಡಬೇಕು?

ಜೇಬು ಮುಟ್ಟಿಕೊಳ್ಳಬೇಡಿ. ಬೋರ್ಡು ಓದಿದ ಕೂಡಲೇ ಎಲ್ಲರ ಕೈಯೂ ತನ್ನಷ್ಟಕ್ಕೆ ದುಡ್ಡಿರುವ ಕಡೆ ಹೋಗುತ್ತದೆ. ಅದನ್ನು ನೋಡುವುದಕ್ಕೇ ಅಲ್ಲಿ ಒಬ್ಬ ನಿಂತಿರಬಹುದು.

ದುಡ್ಡು ಎಲ್ಲಿಟ್ಟುಕೊಳ್ಳುವುದು ಒಳ್ಳೆಯದು?

ನಮ್ಮ ತಾತನ ಪಟ್ಟಾಪಟ್ಟಿ ಚಡ್ಡಿಗೆ ಮೊಣಕಾಲಿನ ತನಕ ಇಳಿಯುವ ಜೇಬಿತ್ತು. ಸಂತೆಯಲ್ಲಿ ಎತ್ತು ಮಾರಿದ ದುಡ್ಡು ಪಂಚೆಯೊಳಗಿನ ಆ ಜೇಬಿನಲ್ಲೇ ಮನೆ ಮುಟ್ಟುತ್ತಿತ್ತು. ಹೊರಗೆ ತೆಗೆಯಬೇಕಾದರೆ ಮರೆಗೆ ಹೋಗಲೇಬೇಕು. ಅದೇ ಅದರ ಗುಟ್ಟು: ಮಾಲೀಕನಿಗೇ ತೆಗೆಯಲು ಕಷ್ಟವಾದದ್ದು ಕಳ್ಳನಿಗೆ ಇನ್ನೂ ಕಷ್ಟ. ಈಗಲೂ ಜೇಬಿರುವ ಬನಿಯನ್ ಸಿಗುತ್ತದೆ. ಸಿಗದಿದ್ದರೆ ಟೈಲರ್ ಹತ್ತಿರ ಪ್ಯಾಂಟಿನ ಒಳಬದಿಗೆ, ಸೊಂಟದ ಪಟ್ಟಿಯ ಕೆಳಗೆ ಜಿಪ್ ಜೇಬು ಹಾಕಿಸಿಕೊಳ್ಳಿ. ಹೆಂಗಸರು ಲಂಗಕ್ಕೆ ಒಳಜೇಬು ಹೊಲಿಸಿಕೊಳ್ಳಬಹುದು. ಸೊಂಟಕ್ಕೆ ಸಿಕ್ಕಿಸುವ ಸಂಚಿಯಾದರೆ ಸಿಕ್ಕಿಸಿದಷ್ಟೇ ಸಾಲದು, ದಾರದಿಂದ ಕಟ್ಟಿರಬೇಕು.

ಎಲ್ಲಿಡುವುದು ಅನ್ನುವುದಕ್ಕಿಂತ ಎಷ್ಟು ಕಡೆ ಇಡುವುದು ಅನ್ನುವುದು ಮುಖ್ಯ. ಟಿಕೆಟ್, ಕಾಫಿ, ಆಟೋಗೆ ಬೇಕಾದ ಇನ್ನೂರು ಮುನ್ನೂರು ರೂಪಾಯಿ ಸುಲಭಕ್ಕೆ ಸಿಗುವ ಜೇಬಿನಲ್ಲಿರಲಿ. ಹೋದರೆ ಹೋಗಲಿ. ದೊಡ್ಡ ನೋಟು ಒಳಜೇಬಿಗೆ, ಅದನ್ನು ಬೆಳಗ್ಗೆ ರೂಮಿನಲ್ಲಿ ಮಾತ್ರ ತೆರೆಯಬೇಕು, ಜನರ ಮುಂದೆ ತೆರೆಯುವ ಹಾಗಿಲ್ಲ. ಊರಿಗೆ ವಾಪಸ್ ಬರುವಷ್ಟು ದುಡ್ಡು ಜೊತೆಯಲ್ಲಿ ಬಂದ ಇನ್ನೊಬ್ಬರ ಹತ್ತಿರ. ಗಂಡನ ಜೇಬಿನಲ್ಲಿ ಇಡೀ ಸಂಸಾರದ ದುಡ್ಡು ಇದ್ದ ಯಾತ್ರೆಗಳು ಹೇಗೆ ಮುಗಿದವು ಎಂದು ನಾನು ನೋಡಿದ್ದೇನೆ.

ಸೊಂಟಕ್ಕೆ ಕಟ್ಟಿಕೊಂಡರೆ ಭಯವಿಲ್ಲ ಎನ್ನುವವರಿಗೆ ಒಂದು ಮಾತು. 2005ರಲ್ಲಿ ಕಾಶಿ ವಿಶ್ವನಾಥ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿಗೆ ಹೋಗುತ್ತಿದ್ದ ವ್ಯಾಪಾರಿಯೊಬ್ಬರು ಒಂದು ಲಕ್ಷ ರೂಪಾಯಿಯನ್ನು ಬಟ್ಟೆಯ ಬೆಲ್ಟಿನಲ್ಲಿ ಸೊಂಟಕ್ಕೆ ಕಟ್ಟಿಕೊಂಡಿದ್ದರು. ಅದು ಕಳುವಾಯಿತು. ಗ್ರಾಹಕ ವೇದಿಕೆಗಳು ರೈಲ್ವೆ ದುಡ್ಡು ಕೊಡಬೇಕು ಎಂದವು. ಕೊನೆಗೆ 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಯಾಣಿಕ ತನ್ನ ವಸ್ತುವನ್ನು ತಾನೇ ಕಾಪಾಡಿಕೊಳ್ಳದಿದ್ದರೆ ರೈಲ್ವೆಯನ್ನು ಹೊಣೆ ಮಾಡಲಾಗದು ಎಂದು ಆ ಆದೇಶವನ್ನು ರದ್ದು ಮಾಡಿತು. ಹದಿನೆಂಟು ವರ್ಷದ ಓಡಾಟ! ಒಂದು ಲಕ್ಷವನ್ನು ಬ್ಯಾಂಕಿನಲ್ಲೇ ಬಿಟ್ಟು ಹೋಗಿ.

ಪ್ಯಾಂಟಿನ ಹಿಂದಿನ ಜೇಬು?

ಬಾಚಣಿಗೆ, ಕರ್ಚೀಫು. ಅದಕ್ಕಿಂತ ಹೆಚ್ಚಿನದು ಬೇಡ. ಪರ್ಸ್ ಮುಂದಿನ ಜೇಬಿನಲ್ಲಿದ್ದರೂ ದಪ್ಪ ರಬ್ಬರ್ ಬ್ಯಾಂಡ್ ಸುತ್ತಿಡಿ. ಎಳೆದರೆ ಬಟ್ಟೆಗೆ ಕಚ್ಚಿಕೊಂಡು ನಿಮಗೆ ಗೊತ್ತಾಗುತ್ತದೆ.

ಮದುವೆಗೆ ಹೋಗುವಾಗ ಒಡವೆ ವ್ಯಾನಿಟಿ ಬ್ಯಾಗಿನಲ್ಲಿಟ್ಟರೆ ಸುರಕ್ಷಿತವಲ್ಲವೇ?

ಬಸ್ಸಿನಲ್ಲಿ ಸರ ಕಿತ್ತಾರು ಎಂದು ಹೆದರಿ ಕೊರಳಿಂದ ಬಿಚ್ಚಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ವ್ಯಾನಿಟಿ ಬ್ಯಾಗಿಗೆ ಹಾಕುತ್ತಾರೆ. "ವ್ಯಾನಿಟಿ ಬ್ಯಾಗ್‌ನಲ್ಲಿದ್ದ ಚಿನ್ನಾಭರಣ ಕಳವು" ಎಂಬ ಸುದ್ದಿಯನ್ನು ನೀವೂ ಪೇಪರಿನಲ್ಲಿ ಎಷ್ಟು ಸಲ ಓದಿದ್ದೀರಿ, ಲೆಕ್ಕ ಹಾಕಿ. ರಶ್ಶಿನಲ್ಲಿ ನಿಂತಿರುವಾಗ ಬ್ಯಾಗು ಪಕ್ಕಕ್ಕೆ ಜಾರುತ್ತದೆ. ಪಕ್ಕದವರ ಸೆರಗೋ ವೇಲೋ ಅದರ ಮೇಲೆ ಬೀಳುತ್ತದೆ, ಆ ಮರೆಯಲ್ಲಿ ಜಿಪ್ ತೆರೆಯುತ್ತದೆ. ಎಷ್ಟೋ ಸಲ ಡಬ್ಬಿ ತೆಗೆದ ಮೇಲೆ ಜಿಪ್ಪನ್ನು ಮತ್ತೆ ಹಾಕಿರುತ್ತಾರೆ, ಹಾಗಾಗಿ ಕಲ್ಯಾಣಮಂಟಪ ತಲುಪುವ ತನಕ ಗೊತ್ತೇ ಆಗುವುದಿಲ್ಲ. ಎಲ್ಲಿ ಹೋಯಿತು ಎಂದು ಪೊಲೀಸರಿಗೆ ಹೇಳಲೂ ಆಗುವುದಿಲ್ಲ.

ಒಡವೆ ಒಯ್ಯಲೇಬೇಕಾದರೆ ಆ ದಿನ ಕಾರು ಮಾಡಿಕೊಂಡು ಹೋಗಿ. ಬಸ್ಸೇ ಗತಿಯಾದರೆ ಸೀಟು ಸಿಗುವ, ರಿಸರ್ವೇಶನ್ ಇರುವ ಬಸ್ಸು. ಡಬ್ಬಿ ಬ್ಯಾಗಿನ ತಳದಲ್ಲಿ ಬಟ್ಟೆಯ ಮಡಿಕೆಯೊಳಗೆ, ಬ್ಯಾಗು ತೊಡೆಯ ಮೇಲೆ, ಜಿಪ್ಪಿನ ಎರಡು ಕೊಂಡಿಗಳನ್ನು ಸೇರಿಸಿ ಒಂದು ಸೇಫ್ಟಿ ಪಿನ್ನು. ಪಿನ್ನು ಕಳ್ಳನನ್ನು ತಡೆಯುವುದಿಲ್ಲ, ಅವನ ಎರಡು ಸೆಕೆಂಡಿನ ಕೆಲಸವನ್ನು ಹತ್ತು ಸೆಕೆಂಡು ಮಾಡುತ್ತದೆ. ಅಷ್ಟು ಹೊತ್ತು ಅವನಿಗೆ ಇರುವುದಿಲ್ಲ.

ಒರಿಜಿನಲ್ ದಾಖಲೆಗಳನ್ನೆಲ್ಲ ಒಯ್ಯಬೇಕೇ?

ಬೇಡ. ದುಡ್ಡು ಹೋದರೆ ಒಂದು ತಿಂಗಳು ಬೇಜಾರು. ದಾಖಲೆ ಹೋದರೆ ಆರು ತಿಂಗಳು ಅಲೆದಾಟ. ಪ್ಯಾನ್, ವೋಟರ್ ಐಡಿ, ರೇಷನ್ ಕಾರ್ಡ್, ಪಾಸ್‌ಬುಕ್ ಇವೆಲ್ಲ ಮನೆಯ ಬೀರುವಿನಲ್ಲೇ ಇರಲಿ. ಪರ್ಸಿನಲ್ಲಿ ಎಲ್ಲ ಕಾರ್ಡುಗಳನ್ನೂ ಪೇರಿಸಿಕೊಂಡು ಓಡಾಡುವುದು ನಮ್ಮವರ ಕೆಟ್ಟ ಅಭ್ಯಾಸ.

ಒಬ್ಬರಿಗೆ ಒಂದು ಒರಿಜಿನಲ್ ಗುರುತಿನ ಚೀಟಿ ಸಾಕು. ರೈಲಿನ ಇ–ಟಿಕೆಟ್‌ನಲ್ಲಿ ಒಂದು ಪಿಎನ್‌ಆರ್‌ಗೆ ಸೇರಿದವರ ಪೈಕಿ ಯಾರಾದರೂ ಒಬ್ಬರು ಚೀಟಿ ತೋರಿಸಿದರೆ ಆಯಿತು. ಯಾರೂ ತೋರಿಸಲಾಗದಿದ್ದರೆ ಮಾತ್ರ ಟಿಕೆಟ್ ಇಲ್ಲದವರ ಲೆಕ್ಕ. ಹಾಗಾಗಿ ಗಂಡ ಹೆಂಡತಿಯ ಚೀಟಿಗಳು ಒಂದೇ ಪರ್ಸಿನಲ್ಲಿರಬಾರದು. ನಮ್ಮ ಹೆಂಗಸರಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್‌ಗೆ ಚೀಟಿ ಪದೇ ಪದೇ ತೆಗೆಯಬೇಕಾಗುತ್ತದೆ. ಅದನ್ನು ದುಡ್ಡಿನ ಪರ್ಸಿನಲ್ಲಿಡದೆ ಬೇರೆ ಕವರಿನಲ್ಲಿಟ್ಟರೆ, ಕಂಡಕ್ಟರ್ ಬಂದಾಗಲೆಲ್ಲ ಇಡೀ ಬಸ್ಸಿಗೆ ಪರ್ಸ್ ಬಿಚ್ಚಿ ತೋರಿಸುವುದು ತಪ್ಪುತ್ತದೆ. ಲಾಡ್ಜಿನವರು ಜೆರಾಕ್ಸ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಕೊಡಿ. ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ವೆಬ್‌ಸೈಟಿನಲ್ಲೇ ಅದನ್ನು ಇಳಿಸಿಕೊಳ್ಳಬಹುದು.

ಎಲ್ಲ ಡಿಜಿಲಾಕರ್‌ನಲ್ಲಿದೆ. ಚೀಟಿ ಯಾಕೆ ಬೇಕು?

ದಾಖಲೆಗಳನ್ನು ಫೋನಿನಲ್ಲೇ ತೋರಿಸುವ ಸರ್ಕಾರಿ ಆ್ಯಪ್ ಡಿಜಿಲಾಕರ್ ಒಳ್ಳೆಯದೇ. ಅದರಲ್ಲಿರುವ ಆಧಾರ್, ಡಿಎಲ್‌ಗಳನ್ನು ರೈಲ್ವೆ ಒಪ್ಪುತ್ತದೆ. ಆದರೆ ಅವು ಇಲಾಖೆಯಿಂದಲೇ ಬಂದ 'ಇಶ್ಯೂಡ್' ವಿಭಾಗದಲ್ಲಿರಬೇಕು. ನೀವೇ ಫೋಟೊ ಹೊಡೆದು ಹಾಕಿದ್ದು ನಡೆಯುವುದಿಲ್ಲ. ತೊಡಕು ಬೇರೆ ಕಡೆ ಇದೆ: ಫೋನೇ ಹೋದರೆ? ಇನ್ನೊಬ್ಬರ ಫೋನಿನಲ್ಲಿ ತೆರೆಯಲು ಹೊರಟರೆ ಒಟಿಪಿ ಬರುವುದು ಕಳುವಾದ ಸಿಮ್ಮಿಗೆ. ತಿರುಮಲದಲ್ಲಿ ದರ್ಶನದ ಸಾಲಿಗೆ ಫೋನನ್ನು ಒಳಗೆ ಬಿಡುವುದೂ ಇಲ್ಲ, ಕೌಂಟರ್‌ನಲ್ಲಿ ಕೊಟ್ಟು ಹೋಗಬೇಕು. ಆದ್ದರಿಂದ ಫೋನ್ ಒಂದು ಕಡೆ, ಪ್ಲಾಸ್ಟಿಕ್ ಕಾರ್ಡ್ ಇನ್ನೊಂದು ಕಡೆ.

ಫೋನಿಗೆ ಲಾಕ್ ಇದೆಯಲ್ಲ, ಕದ್ದವನಿಗೆ ಏನು ಸಿಗುತ್ತದೆ?

ಈ ಪುಟದಲ್ಲಿ ಒಂದೇ ಒಂದು ಉತ್ತರ ಓದುವುದಾದರೆ ಇದನ್ನು ಓದಿ.

ಫೋನಿಗೆ ಲಾಕ್ ಇದೆ, ಸಿಮ್ಮಿಗೆ ಇಲ್ಲ. ಕದ್ದವನು ಸಿಮ್ ತೆಗೆದು ತನ್ನ ಫೋನಿಗೆ ಹಾಕಿದರೆ ನಿಮ್ಮ ಒಟಿಪಿಗಳು ಅವನಿಗೆ ಬರುತ್ತವೆ. ಈಗ ನಿಮ್ಮ ಫೋನಿನ ಕವರ್ ತೆಗೆದು ಹಿಂದೆ ನೋಡಿ. ಎಟಿಎಂ ಕಾರ್ಡು ಇದೆಯೇ? ಆಧಾರ್ ಕಾರ್ಡು? ಯುಪಿಐ ಪಿನ್ ಹೊಸದಾಗಿ ಹಾಕಲು ಬೇಕಾಗಿರುವುದು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಅವಧಿ ಮುಗಿಯುವ ತಿಂಗಳು–ವರ್ಷ, ಒಂದು ಒಟಿಪಿ. ಆಧಾರ್ ಮೂಲಕವಾದರೆ ಆಧಾರಿನ ಮೊದಲ ಆರು ಅಂಕಿ ಮತ್ತು ಒಟಿಪಿ. ಅಂದರೆ ಫೋನ್ ಕವರಿನಲ್ಲಿ ಕಾರ್ಡಿಟ್ಟವರು ಬೀಗ, ಬೀಗದ ಕೈ ಎರಡನ್ನೂ ಒಂದೇ ದಾರಕ್ಕೆ ಕಟ್ಟಿ ಕೊಟ್ಟ ಹಾಗೆ. ನಮ್ಮ ಗುಂಪಿನಲ್ಲಿ ಹೋದ ವರ್ಷ ಬಸ್ ಹೊರಡುವ ಮುಂಚೆ ಎಲ್ಲರ ಕವರ್ ತೆಗೆಸಿದೆ. ಹನ್ನೊಂದು ಕಾರ್ಡು ಹೊರಬಿದ್ದವು, ಜೊತೆಗೆ ಒಬ್ಬರ ಎಟಿಎಂ ಪಿನ್ ಬರೆದ ಚೀಟಿ.

ಹೊರಡುವ ಹಿಂದಿನ ದಿನ ಹತ್ತು ನಿಮಿಷ ಕೂತು ಮಾಡಬೇಕಾದ್ದು ಇಷ್ಟು. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಹಾಕಿ. ಮೊದಲು ಕಂಪನಿ ಕೊಟ್ಟ ಡೀಫಾಲ್ಟ್ ಪಿನ್ ಕೇಳುತ್ತದೆ, ಅದನ್ನು ಕಸ್ಟಮರ್ ಕೇರ್‌ನಿಂದ ತಿಳಿದುಕೊಂಡೇ ಹಾಕಿ. ಮೂರು ಸಲ ತಪ್ಪಾದರೆ ಸಿಮ್ ಮುಚ್ಚಿಕೊಂಡು ಪಿಯುಕೆ ಸಂಖ್ಯೆ ಕೇಳುತ್ತದೆ. ಲಾಕ್ ಆದ ಪರದೆಯ ಮೇಲೆ ಮೆಸೇಜಿನ ಒಳಗಿನ ಮಾತು ಕಾಣದ ಹಾಗೆ ಮಾಡಿ, ಇಲ್ಲದಿದ್ದರೆ ಸಿಮ್ ತೆಗೆಯುವ ಶ್ರಮವೂ ಬೇಡ, ಒಟಿಪಿ ಪರದೆಯ ಮೇಲೇ ಓದಬಹುದು. *#06# ಒತ್ತಿ ಬರುವ ಐಎಂಇಐ ಸಂಖ್ಯೆಯನ್ನು (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಕೈಯಿಂದ ಕಸಿದುಕೊಂಡು ಓಡಿದರೆ ತಾನೇ ಲಾಕ್ ಆಗುವ ಸೌಲಭ್ಯವಿದೆ, ಐಫೋನಿನಲ್ಲಿ ಕಳುವಾದ ಫೋನಿನ ರಕ್ಷಣೆ ಎಂಬುದೊಂದಿದೆ. ಎರಡೂ ಸೆಟ್ಟಿಂಗ್ಸ್‌ನಲ್ಲಿ ಆನ್ ಆಗಿವೆಯೇ ನೋಡಿಕೊಳ್ಳಿ.

ಇನ್ನು ಒಂದು ಫೋನ್ ನಂಬರನ್ನಾದರೂ ಬಾಯಿಪಾಠ ಮಾಡಿ. ಫೋನ್ ಕಳೆದುಕೊಂಡವರು ಪಕ್ಕದವರ ಫೋನ್ ಇಸಿದುಕೊಂಡು, ಸ್ವಂತ ಮಗನ ನಂಬರ್ ನೆನಪಾಗದೆ ಕಣ್ಣುಬಾಯಿ ಬಿಡುವುದು ಈಗ ಮಾಮೂಲು.

ಎಟಿಎಂ ಕಾರ್ಡ್ ಹೋದರೂ ಪಿನ್ ಗೊತ್ತಿಲ್ಲದೆ ದುಡ್ಡು ತೆಗೆಯಲಾಗದಲ್ಲವೇ?

ವೈಫೈ ಚಿಹ್ನೆಯಂಥ ಗುರುತಿರುವ ಕಾರ್ಡಿನಲ್ಲಿ 5,000 ರೂಪಾಯಿ ತನಕ ಪಿನ್ ಇಲ್ಲದೆ ತಟ್ಟಿ ಕೊಡಬಹುದು. 2021ರ ಜನವರಿಯಿಂದ ಮಿತಿ ಅಷ್ಟಿದೆ. ಬ್ಯಾಂಕಿನ ಆ್ಯಪ್‌ನಲ್ಲಿ ಆ ಸೌಲಭ್ಯವನ್ನು ಆಫ್ ಮಾಡಿ ಹೊರಡಿ. ಯುಪಿಐ ಆ್ಯಪ್‌ನಲ್ಲಿ ಸಣ್ಣ ಪಾವತಿಗೆ ದುಡ್ಡು ತುಂಬಿಡುವ ಯುಪಿಐ ಲೈಟ್‌ಗೂ ಪಿನ್ ಬೇಡ, ಅದರಲ್ಲಿ ಕಡಿಮೆ ದುಡ್ಡಿರಲಿ.

ರಾತ್ರಿ ರೈಲಿನಲ್ಲಿ?

ಕೆಳಗಿನ ಸೀಟಿನಡಿ ಲಗೇಜಿಗೆ ಚೈನು ಹಾಕಲು ಬಳೆಗಳಿರುತ್ತವೆ, ಚೈನು ನೀವೇ ಒಯ್ಯಬೇಕು. ದುಡ್ಡಿನ ಸಂಚಿ ದಿಂಬಿನ ಕೆಳಗಲ್ಲ, ಮೈಮೇಲೆ. ಕಿಟಕಿ ಪಕ್ಕ ಕೂತು ಫೋನ್ ನೋಡುವವರು ರೈಲು ನಿಲ್ದಾಣ ಬಿಡುವ ಹೊತ್ತಿನಲ್ಲಿ, ಸಿಗ್ನಲ್ ಹತ್ತಿರ ನಿಧಾನವಾದಾಗ ಫೋನನ್ನು ಒಳಗಿಡಿ. ಕಸಿದವನು ಕೆಳಗೆ ನಿಂತಿರುತ್ತಾನೆ, ನೀವು ರೈಲಿನ ಜೊತೆ ಮುಂದೆ ಹೋಗುತ್ತೀರಿ. ಪರಿಚಯವಿಲ್ಲದವರು ಕೊಟ್ಟ ಬಿಸ್ಕತ್ತು, ಚಹಾ ಬೇಡ. ಏನಾದರೂ ಹೋದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ, ಟಿಟಿಇ ಹತ್ತಿರವೂ ದೂರು ಬರೆದು ಕೊಡಬಹುದು. ಪ್ರಯಾಣ ಅರ್ಧಕ್ಕೆ ಬಿಟ್ಟು ಇಳಿಯಬೇಕಾಗಿಲ್ಲ.

"ನಿಮ್ಮ ದುಡ್ಡು ಬಿದ್ದಿದೆ ನೋಡಿ" ಎಂದು ಯಾರಾದರೂ ಹೇಳಿದರೆ?

ಬಿದ್ದಿರಲಿ ಬಿಡಿ. ಕೆಳಗೆ ಹತ್ತು ರೂಪಾಯಿಯ ನಾಲ್ಕು ನೋಟು ಚೆಲ್ಲಿರುತ್ತವೆ. ನೀವು ಬಗ್ಗಿದಾಗ ಪಕ್ಕದಲ್ಲಿಟ್ಟ ಬ್ಯಾಗು ಹೋಗುತ್ತದೆ. ಬೆನ್ನ ಮೇಲೆ ಗಲೀಜು ಬಿದ್ದಿದೆ ಎಂದು ನೀರು ಕೊಟ್ಟು ಒರೆಸಲು ಬರುವವರದೂ ಅದೇ ಕಸುಬು. ಬ್ಯಾಂಕಿನಿಂದ ದುಡ್ಡು ತೆಗೆದುಕೊಂಡು ಹೊರಬಂದವರನ್ನು ಹೀಗೇ ಹಿಡಿಯುತ್ತಾರೆ. "ಗಮನ ಬೇರೆಡೆ ಸೆಳೆದು ಕಳವು" ಎಂದು ಪೊಲೀಸರು ಬರೆದುಕೊಳ್ಳುವುದು ಇದನ್ನೇ.

ಪರ್ಸ್ ಹೋಗಿದೆ ಎಂದು ಗೊತ್ತಾದ ಕೂಡಲೇ ಏನು ಮಾಡಬೇಕು?

ಬಸ್ಸಿನೊಳಗಿದ್ದರೆ ಕಂಡಕ್ಟರಿಗೆ ಕೂಗಿ ಹೇಳಿ, ಬಾಗಿಲು ತೆಗೆಯದಂತೆ ಕೇಳಿ, 112ಕ್ಕೆ ಫೋನ್ ಮಾಡಿ. ಆಮೇಲೆ, ಫೋನೂ ಹೋಗಿದ್ದರೆ, ಮೊದಲ ಕೆಲಸ ಸಿಮ್ ಬ್ಲಾಕ್, ಎರಡನೆಯದು ಬ್ಯಾಂಕು. ಪೊಲೀಸ್ ಸ್ಟೇಷನ್ ಮೂರನೆಯದು. ಅನೇಕರು ಮೊದಲು ಸ್ಟೇಷನ್ನಿಗೆ ಹೋಗಿ ಎರಡು ಗಂಟೆ ಕೂರುತ್ತಾರೆ, ಅಷ್ಟರಲ್ಲಿ ಖಾತೆ ಬರಿದಾಗಿರುತ್ತದೆ. ಬ್ಯಾಂಕಿಗೆ ತಿಳಿಸಿದ ಹೊತ್ತನ್ನೂ ದೂರಿನ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳಿದೆ. ಖಾತೆಯಿಂದ ಆಗಲೇ ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇನ್ನೊಂದು ಕೆಲಸ ಜನರಿಗೆ ಹೊಳೆಯುವುದಿಲ್ಲ: ಸುತ್ತಮುತ್ತ ಹುಡುಕುವುದು. ಕಳ್ಳನಿಗೆ ಪರ್ಸು ಬೇಡ, ಅದರೊಳಗಿನ ನೋಟು ಬೇಕು. ನನ್ನದು ಹೋದದ್ದು ಒಂದು ತಾಲ್ಲೂಕು ಬಸ್‌ಸ್ಟ್ಯಾಂಡಿನಲ್ಲಿ, ಅಮಾವಾಸ್ಯೆ ದಿನ, ಎರಡು ಸಾವಿರದ ಚಿಲ್ಲರೆ ರೂಪಾಯಿ, ಡಿಎಲ್, ಎಟಿಎಂ ಕಾರ್ಡು. ಮಾರನೆಯ ದಿನ ಬೆಳಗ್ಗೆ ಅಣ್ಣನಿಗೆ ಒಂದು ಫೋನ್ ಬಂತು. ಸ್ಟ್ಯಾಂಡು ಗುಡಿಸುವ ಹೆಂಗಸು. ಶೌಚಾಲಯದ ಹಿಂದಿನ ಮೋರಿಯಲ್ಲಿ ಪರ್ಸ್ ಬಿದ್ದಿತ್ತಂತೆ. ನೋಟು ಇಲ್ಲ, ಕಾರ್ಡುಗಳು ಒದ್ದೆಯಾಗಿ ಅಂಟಿಕೊಂಡಿದ್ದವು. ಅವಳಿಗೆ ಅಣ್ಣನ ನಂಬರ್ ಸಿಕ್ಕಿದ್ದು ಹೇಗೆಂದರೆ, ಯಾವತ್ತೋ ಒಂದು ವಿಸಿಟಿಂಗ್ ಕಾರ್ಡಿನ ಹಿಂದೆ ಅದನ್ನು ಬರೆದು ಪರ್ಸಿನಲ್ಲಿ ತುರುಕಿದ್ದೆ. ಅಂದಿನಿಂದ ನಮ್ಮ ಗುಂಪಿನ ಪ್ರತಿ ಪರ್ಸಿನಲ್ಲೂ "ಸಿಕ್ಕಿದವರು ದಯವಿಟ್ಟು ಈ ನಂಬರಿಗೆ ತಿಳಿಸಿ" ಎಂಬ ಚೀಟಿ ಇರುತ್ತದೆ. ನಂಬರ್ ಮಾತ್ರ ನಿಮ್ಮದಲ್ಲ, ಮನೆಯವರದು. ನಿಮ್ಮ ಫೋನೂ ಕಳ್ಳನ ಹತ್ತಿರವೇ ಇರಬಹುದು.

ಸ್ಟೇಷನ್ನಿನಲ್ಲಿ "ಕಳೆದುಹೋಗಿದೆ ಅಂತ ಬರೆದುಕೊಡಿ" ಎನ್ನುತ್ತಾರೆ. ಬರೆಯಬಹುದೇ?

ನಿಜವಾಗಿ ಎಲ್ಲೋ ಬೀಳಿಸಿಕೊಂಡಿದ್ದರೆ ಬರೆಯಿರಿ. ಅದಕ್ಕೆ ಸ್ಟೇಷನ್ನಿಗೂ ಹೋಗಬೇಕಿಲ್ಲ, ಕರ್ನಾಟಕ ಪೊಲೀಸರ ಇ–ಲಾಸ್ಟ್ ವರದಿ ಆನ್‌ಲೈನಿನಲ್ಲೇ ಸಿಗುತ್ತದೆ. ಕಳ್ಳತನವಾಗಿದ್ದರೆ ಕಳ್ಳತನ ಎಂದೇ ಬರೆಯಿರಿ. 2024ರ ಜುಲೈ 1ರಿಂದ ಐಪಿಸಿ 379ರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ ಬಂದಿದೆ. ಗುಂಪು ಕಟ್ಟಿಕೊಂಡು ಜೇಬು ಕತ್ತರಿಸುವುದು 112ನೇ ಕಲಮಿನಲ್ಲಿ ಬೇರೆಯಾಗಿಯೇ ಇದೆ, ಅದಕ್ಕೆ ಏಳು ವರ್ಷದ ತನಕ ಸಜೆ. ಕಳುವಾದದ್ದರ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಅದು ಅಸಂಜ್ಞೇಯ ಅಪರಾಧ (ಕೋರ್ಟಿನ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ್ದು), ಎಫ್‌ಐಆರ್ ಬದಲು ಎನ್‌ಸಿಆರ್ ಎಂಬ ಅಸಂಜ್ಞೇಯ ಅಪರಾಧದ ವರದಿ ಕೊಡಬಹುದು. ಆದ್ದರಿಂದ ದೂರಿನಲ್ಲಿ ನಗದು ಮಾತ್ರವಲ್ಲ, ಫೋನಿನ ಬೆಲೆ, ಕನ್ನಡಕ, ವಾಚು ಎಲ್ಲವನ್ನೂ ಇದ್ದ ಹಾಗೆ ಬರೆಯಿರಿ. ಬೇರೆ ಊರಿನಲ್ಲಿ ಆದ ಘಟನೆಗೂ ಹತ್ತಿರದ ಸ್ಟೇಷನ್ನಿನಲ್ಲಿ ದೂರು ಕೊಡಬಹುದು, ಅದೇ ಝೀರೊ ಎಫ್‌ಐಆರ್. ಪ್ರತಿಗೆ ದುಡ್ಡಿಲ್ಲ.

ಫೋನ್ ವಾಪಸ್ ಸಿಗುವ ಸಾಧ್ಯತೆ ಇದೆಯೇ?

ಇದೆ, ತಾಳ್ಮೆ ಬೇಕು. ಪೊಲೀಸ್ ದೂರಿನ ಪ್ರತಿ, ಐಎಂಇಐ ಸಂಖ್ಯೆ, ಗುರುತಿನ ಚೀಟಿ ಇಟ್ಟುಕೊಂಡು ಕಳುವಾದ ಫೋನುಗಳನ್ನು ತಡೆಹಿಡಿಯುವ ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಆ ಫೋನ್ ದೇಶದ ಯಾವ ನೆಟ್‌ವರ್ಕಿನಲ್ಲೂ ನಡೆಯದಂತೆ ಬ್ಲಾಕ್ ಆಗುತ್ತದೆ. 2023ರ ಮೇನಿಂದ ಇದು ದೇಶಕ್ಕೆಲ್ಲ ಇದೆ. ಯಾರಾದರೂ ಅದಕ್ಕೆ ಸಿಮ್ ಹಾಕಿದರೆ ಪೊಲೀಸರಿಗೆ ಸುಳಿವು ಸಿಗುತ್ತದೆ. ಮೊದಲು ಅದೇ ನಂಬರಿನ ಡೂಪ್ಲಿಕೇಟ್ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ, ಒಟಿಪಿ ಬರಲಿಲ್ಲವೆಂದು ಗಾಬರಿಯಾಗಬೇಡಿ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರೂ ಅದರ ಐಎಂಇಐ ನೋಡಿಯೇ ದುಡ್ಡು ಕೊಡಿ.

ಮಗ ಯೂರೋಪಿನಲ್ಲಿದ್ದಾನೆ, ನೋಡಲು ಹೊರಟಿದ್ದೇವೆ. ಅಲ್ಲಿ ಇದೆಲ್ಲ ಇರುವುದಿಲ್ಲ ಅಲ್ಲವೇ?

ಇರುವುದಿಲ್ಲವೇ! 2013ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಒಂದು ದಿನ ಬಾಗಿಲು ಹಾಕಿತ್ತು. ಜೇಬುಗಳ್ಳರ ಕಾಟ ತಾಳದೆ ಅಲ್ಲಿನ ಸಿಬ್ಬಂದಿಯೇ ಕೆಲಸ ನಿಲ್ಲಿಸಿದ್ದರು. 2015ರಲ್ಲಿ ಐಫೆಲ್ ಟವರಿನವರೂ ಹಾಗೇ ಮಾಡಿದರು. ಬಾರ್ಸಿಲೋನಾದ ಲಾ ರಾಂಬ್ಲಾ ಬೀದಿ, ರೋಮ್‌ನ ಟರ್ಮಿನಿ ನಿಲ್ದಾಣ ಇವೆಲ್ಲ ಈ ವಿಷಯದಲ್ಲಿ ಹೆಸರಾದ ಜಾಗಗಳು. ಅಲ್ಲಿ ಸಹಿ ಹಾಕಿ ಎಂದು ಕಾಗದ ಹಿಡಿದು ಸುತ್ತುವರಿಯುವ ಹುಡುಗಿಯರಿರುತ್ತಾರೆ. ಕಾಗದದ ಕೆಳಗೆ ಕೈ ಏನು ಮಾಡುತ್ತಿದೆ ಎಂದು ನೋಡಿಕೊಳ್ಳಿ.

ಪಾಸ್‌ಪೋರ್ಟ್ ಒಂದು ಹೋದರೆ ಅದರೊಳಗಿನ ವೀಸಾವೂ ಹೋದಂತೆ. ಸ್ಥಳೀಯ ಪೊಲೀಸ್ ವರದಿ ಪಡೆದು ಭಾರತದ ರಾಯಭಾರ ಕಚೇರಿಗೆ ಹೋಗಬೇಕು. ಹೊಸ ಪಾಸ್‌ಪೋರ್ಟಿಗೆ ಕಾಯಲಾಗದಿದ್ದರೆ ಅಲ್ಲಿ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಅದು ಭಾರತಕ್ಕೆ ಮರಳುವ ಒಂದು ಸಲದ ದಾರಿಗಷ್ಟೆ. ಪಾಸ್‌ಪೋರ್ಟಿನ ಮೊದಲ, ಕೊನೆಯ ಪುಟ ಮತ್ತು ವೀಸಾ ಪುಟದ ಜೆರಾಕ್ಸು, ಎರಡು ಫೋಟೊ ಬೇರೆ ಚೀಲದಲ್ಲಿದ್ದರೆ ಆ ಓಡಾಟ ಅರ್ಧಕ್ಕರ್ಧ ಕಡಿಮೆ.

ಕಳ್ಳ ಕೈಗೆ ಸಿಕ್ಕರೆ ನಾಲ್ಕು ಬಿಡಬಹುದೇ?

ಬೇಡ. ಬ್ಲೇಡು ಅವನ ಬಾಯಲ್ಲೇ ಇರಬಹುದು. ಹೊಡೆದು ಹೆಚ್ಚುಕಮ್ಮಿಯಾದರೆ ಕೇಸು ನಿಮ್ಮ ಮೇಲೆ.

ತಿರುಪತಿಯ ಹುಂಡಿಗೆ ಹಾಕುವ ಮುಡುಪು ಎಲ್ಲಿಟ್ಟುಕೊಳ್ಳುವುದು?

ನಮ್ಮ ಗುಂಪಿನ ಹೆಂಗಸರು ತಪ್ಪದೆ ಕೇಳುವ ಪ್ರಶ್ನೆ ಇದು. ಹಳದಿ ಬಟ್ಟೆಯ ಗಂಟನ್ನು ದೂರದಿಂದಲೇ ಗುರುತಿಸಬಹುದು, ಆದ್ದರಿಂದ ಅದನ್ನು ಕೈಯಲ್ಲಿ ಹಿಡಿದುಕೊಂಡು ಸಾಲಿನಲ್ಲಿ ನಿಲ್ಲಬೇಡಿ. ಬೇರೆ ದುಡ್ಡಿನ ಜೊತೆ ಬೆರೆಸದೆ ಒಳಜೇಬಿನಲ್ಲಿಡಿ. ಹುಂಡಿಯ ಮುಂದೆ ನೂಕುನುಗ್ಗಲಿನಲ್ಲಿ ಸೊಂಟಕ್ಕೆ ಕೈ ಹಾಕಿ ತಡಕಾಡುವ ಬದಲು, ಜನ ಕಡಿಮೆಯಿರುವ ಕಡೆ ಸಾಲು ನಿಂತಾಗಲೇ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಳ್ಳಿ. ಟಿಟಿಡಿಯವರ ಇ–ಹುಂಡಿ ಇದೆ, ಮನೆಯಲ್ಲೇ ಕೂತು ಹಾಕಬಹುದು ಎಂದು ನಮ್ಮ ಚಿಕ್ಕಮ್ಮನಿಗೆ ಹೇಳಿ ನೋಡಿದೆ. "ಅದು ದೇವರಿಗೆ ಮುಟ್ತದೇನೋ?" ಎಂದರು. ಅವರ ಮುಡುಪು ಈಗಲೂ ಸೆರಗಿನ ತುದಿಯ ಗಂಟಿನಲ್ಲೇ, ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಪಿನ್ನು ಹಾಕಿಕೊಂಡು ಬೆಟ್ಟ ಹತ್ತುತ್ತದೆ.